ಭಾವನ ಕಂಪ್ಯೂಟರಿನಲ್ಲಿ ಓಡುತ್ತಿತ್ತು

ನಮ್ಮ ಭಾವ ಹಗಲೆಲ್ಲ ಲಿಫ್ಟ್ ರಿಪೇರಿ ಮಾಡುತ್ತಾರೆ. ಸಂಜೆ ಮನೆಗೆ ಬಂದು, ಕೈಗೆ ಮೆತ್ತಿದ ಗ್ರೀಸ್ ತೊಳೆದು, ಒಂದು ಕಾಸೂ ಹುಟ್ಟದ ಇನ್ನೊಂದು ಕೆಲಸಕ್ಕೆ ಕೂರುತ್ತಾರೆ. ದನಿ ಹೋದವರು ಟೈಪ್ ಮಾಡಿದ್ದನ್ನು ಅವರ ಪರವಾಗಿ ಗಟ್ಟಿಯಾಗಿ ಹೇಳುವ ಮುಕ್ತ ತಂತ್ರಾಂಶವೊಂದಿದೆ. ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದು. ಅದನ್ನು ಬರೆಯುವವರು ಎಲ್ಲೆಲ್ಲೋ ಇದ್ದಾರೆ. ಅವರು ಬರೆದದ್ದನ್ನು ವಿಂಡೋಸ್‌ಗೊಂದು, ಮ್ಯಾಕ್‌ಗೊಂದು, ಲಿನಕ್ಸ್‌ಗೊಂದು ಎಂದು ಕಂತೆ ಕಟ್ಟಿ, ಒತ್ತಿದರೆ ಓಡುವ ಹಾಗೆ ಮಾಡಿ ಹಂಚುವವರು ಭಾವ. ಓಡಿದರೆ ಬರೆದವರಿಗೆ ಹೊಗಳಿಕೆ, ಓಡದಿದ್ದರೆ ಕಟ್ಟಿದವರಿಗೆ ಬೈಗುಳ.

ಗಂಟಲಿನ ಆಪರೇಷನ್ ಆಗಿ ನಮ್ಮಕ್ಕನ ದನಿ ಹೋದಾಗ ಅವರು ಇದಕ್ಕೆ ಕೈ ಹಾಕಿದ್ದು. ಅವಳ ಹಳೇ ಲ್ಯಾಪ್‌ಟಾಪಿಗೆ ಹೊಂದುವ ಕಂತೆಯನ್ನು ಯಾರೂ ಕಟ್ಟುತ್ತಿರಲಿಲ್ಲ. ಭಾವ ಕಟ್ಟಿದರು. ಅಕ್ಕನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಅಲ್ಲಿಂದ ಆ ಡಬ್ಬಿಯ ಮೂಲಕವೇ ನಮ್ಮೆಲ್ಲರ ಗ್ರಹಚಾರ ಬಿಡಿಸತೊಡಗಿದಳು. ಪ್ರತಿ ಹೊಸ ಕಂತೆಯೂ ಹೊರಗೆ ಹೋಗುವ ಮೊದಲು ಅವಳ ಲ್ಯಾಪ್‌ಟಾಪಿನಲ್ಲಿ ಓಡಬೇಕು, ಅವಳು ಸೈ ಎನ್ನಬೇಕು. ಭಾವನ ಕಂಪ್ಯೂಟರ್ ನಂಬುವ ಹಾಗಿಲ್ಲ. ಅದರ ತುಂಬ ಕಟ್ಟುವ ಸಲಕರಣೆಗಳೇ ಇರುವುದರಿಂದ, ಕಂತೆಯಲ್ಲಿ ಏನು ಬಿಟ್ಟುಹೋಗಿದ್ದರೂ ಅಲ್ಲೇ ಎಲ್ಲೋ ಸಿಕ್ಕಿ ಕೆಲಸ ನಡೆದುಬಿಡುತ್ತದೆ.

ಹೋದ ವರ್ಷ ಅಕ್ಕ ತೀರಿಕೊಂಡಳು. ಭಾವ ಅಳಲಿಲ್ಲ. ಕೆಲಸಕ್ಕೆ ಹೋದರು, ಬಂದರು. ಮಹಡಿಯ ಮೇಲಿನ ನಮ್ಮ ಮನೆಯಿಂದ ನಾನು ತಂದು ಬಡಿಸಿದ್ದನ್ನು ಉಂಡು ತಟ್ಟೆ ತೊಳೆದಿಟ್ಟರು. ಏನು ಕೇಳಿದರೂ "ಹೂಂ". ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ತಂದೆ. ಅದನ್ನೂ ಸುಮ್ಮನೆ ಉಂಡರು. ಲ್ಯಾಪ್‌ಟಾಪ್ ಬೀರುವಿನ ಮೇಲೆ ಹತ್ತಿ ಕೂತಿತು. ಕಂತೆಗಳು ಮಾತ್ರ ಹೊರಗೆ ಹೋಗುತ್ತಲೇ ಇದ್ದವು.

ಒಂದು ಸಂಜೆ ಯಾರೋ ಹುಡುಗಿ ಭಾವನಿಗೆ ಮೇಲ್ ಬರೆದಿದ್ದಳು. ಹೊಸ ಕಂತೆ ಹಾಕಿದ ಮೇಲೆ ತಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ತಂತ್ರಾಂಶ ತೆರೆಯುತ್ತಿಲ್ಲ, ಭಾನುವಾರದಿಂದ ಅವಳ ಅಮ್ಮ ಮಾತಾಡಿಲ್ಲ.

"ನನ್ನ ಕಂಪ್ಯೂಟರ್‌ನಲ್ಲಿ ಓಡ್ತಾ ಇದೆಯಲ್ಲ," ಎಂದರು ಭಾವ, ಗೋಡೆಗೆ ಹೇಳಿದ ಹಾಗೆ.

ನನಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ಆಯಮ್ಮ ಇಲ್ಲಿಗೇ ಬಂದು ಮಾತಾಡ್ಬೇಕಾ? ಅಕ್ಕನ ಲ್ಯಾಪ್‌ಟಾಪಲ್ಲಿ ಹಾಕಿ ನೋಡಿದ್ರಾ?"

"ಇಲ್ಲ. ಅದನ್ನ ಆನ್ ಮಾಡೋಕಾಗಲ್ಲ."

"ಕೆಟ್ಟಿದ್ಯಾ?"

"ಇಲ್ಲ."

ನಾನೇ ಕುರ್ಚಿ ಹತ್ತಿ ಇಳಿಸಿ, ಧೂಳು ಒರೆಸಿ ಮುಂದಿಟ್ಟೆ. ಬಾಯಿ ಜೋರು ಮಾಡಿದೆನೇ ಹೊರತು ಒಳಗೆ ಹೆದರಿಕೆಯಿತ್ತು. ಇವರು ಬೇಡವೆಂದು ಎದ್ದುಹೋದರೆ ಅಲ್ಲಿ ಆ ತಾಯಿಯ ಮಾತು ಮುಗಿಯಿತು, ಇಲ್ಲಿ ಭಾವನೂ ಮುಗಿದ ಹಾಗೆಯೇ ಎನ್ನಿಸಿತ್ತು.

ಭಾವ ಅದಕ್ಕೆ ಚಾರ್ಜರ್ ಸಿಕ್ಕಿಸಿದರು. ಆಮೇಲೆ ಆನ್ ಮಾಡಿ ಕಂತೆ ಹಾಕಿದರು. ತೆರೆಯಲಿಲ್ಲ. ಬೇಕಾದ ಫೈಲೊಂದು ಇಲ್ಲವೆಂದು ಪರದೆಯ ಮೇಲೆ ಒಂದು ಸಾಲು ಬಂತು.

"ಇದನ್ನ ಸೇರಿಸೋದೇ ಮರೆತಿದೀನಿ. ನನ್ನದ್ರಲ್ಲಿ ಮೊದಲಿಂದ್ಲೂ ಇತ್ತು," ಎಂದರು. ನಾಚಿಕೆಯೂ ಇರಲಿಲ್ಲ, ಬೇಸರವೂ ಇರಲಿಲ್ಲ. ಫೈಲ್ ಸೇರಿಸಿ, ಕಂತೆಯನ್ನು ಹೊಸದಾಗಿ ಕಟ್ಟಿ ಮತ್ತೆ ಹಾಕಿದರು. ಈ ಸಲ ತೆರೆಯಿತು.

ಪರೀಕ್ಷೆಗೆ ಏನಾದರೂ ಟೈಪ್ ಮಾಡಬೇಕಲ್ಲ. ಅಕ್ಕ ಪ್ರತಿ ಸಲ ಏನು ಟೈಪ್ ಮಾಡುತ್ತಿದ್ದಳೋ ಅದನ್ನೇ ಭಾವನ ಬೆರಳುಗಳು ಟೈಪ್ ಮಾಡಿದವು. ಅವರ ಮನಸ್ಸು ಎಲ್ಲಿತ್ತೋ ಕಾಣೆ. ಗುಂಡಿ ಒತ್ತಿದರು.

"ಎಷ್ಟು ಸಲ ಕರೀಬೇಕು ನಿಮ್ಮನ್ನ? ಊಟಕ್ಕೆ ಬನ್ನಿ," ಎಂದಿತು ಲ್ಯಾಪ್‌ಟಾಪ್.

"ಬಂದೆ, ಬಂದೆ," ಎಂದು ಭಾವ ಎದ್ದೇಬಿಟ್ಟರು. ಅಡುಗೆಮನೆಯ ಬಾಗಿಲವರೆಗೂ ಹೋದರು. ಒಳಗೆ ದೀಪವಿರಲಿಲ್ಲ. ಅಲ್ಲೇ ನಿಂತರು.

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ತಿರುಗಿ ಬಂದು ಕೂತು ಕಂತೆಯನ್ನು ಹೊರಗೆ ಬಿಟ್ಟರು. "ಆ ಹುಡುಗಿಗೆ ಬರೆದುಬಿಡು, ಈಗ ಹಾಕ್ಕೊಳ್ಳಲಿ, ಅವರಮ್ಮ ಮಾತಾಡಬಹುದು ಅಂತ," ಎಂದರು. ನಾನು ಕಣ್ಣೊರೆಸಿಕೊಂಡು ಬರೆದು ಕಳಿಸಿದೆ.

ಭಾವನ ಬೆರಳು ಮತ್ತೆ ಲ್ಯಾಪ್‌ಟಾಪಿನ ಅದೇ ಗುಂಡಿಯ ಮೇಲೆ ಹೋಗಿತ್ತು.

"ಇನ್ನೊಂದು ಸಲ ಒತ್ತಲಾ?" ಎಂದು ನನ್ನನ್ನು ಕೇಳಿದರು.