ಹಾಸಿದ ಕಂಬಳಿ

ಟ್ರಂಕಿನ ಮುಚ್ಚಳ ತೆಗೆದಾಗ ಮೊದಲು ಬಂದದ್ದು ಒಣ ಬೇವಿನೆಲೆಯ ವಾಸನೆ. ಅದರ ಹಿಂದೆಯೇ ಕುರಿ ಉಣ್ಣೆಯದು, ಹುಣಸೆ ಬೀಜದ ಗಂಜಿಯದು. ಕರಿ ಕಂಬಳಿಯನ್ನು ಹೊರಗೆಳೆದು ಬಿಸಿಲಿಗೆ ಹಾಕುತ್ತಿದ್ದಾಗ ಸೊಸೆ, "ಗ್ವಾಡಿಗಿ ತೂಗ ಹಾಕಮ್ರಿ ಅತ್ತಿ, ಚಂದ ಕಾಣ್ತದ" ಎಂದಳು. ಬೇಡ ಎಂದೆ. ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು.

ಅದು ಹುಮನಾಬಾದಿನಲ್ಲಿ ನಮ್ಮ ಮಗ್ಗುಲ ಮನೆಯಲ್ಲಿದ್ದ ಆಯಿಯ ಕಂಬಳಿ. ಬಸವಕಲ್ಯಾಣ ಕಡೆಯ ಕುರಿ ಕಾಯುವ ಮನೆತನ ಅವರದು. ಬಾಗಿಲಿಗೆ ಯಾರೇ ಬರಲಿ, ಕರೆಂಟಿನ ಮೀಟರ್ ನೋಡುವವನೇ ಬರಲಿ, ಆಯಿ ಮೊದಲು ಕಂಬಳಿ ಹಾಸುತ್ತಿದ್ದರು. ಹಾಸಿದ ಮೇಲೆ ಕೂರಲೇಬೇಕು. ಕೂತವರು ತಾವಾಗಿ ಏಳುವ ತನಕ ಅವರನ್ನು ಯಾರೂ ಏಳಿಸುವಂತಿಲ್ಲ. ಅದು ಅವರ ಮನೆಯ ರೀತಿ.

ನಾನು ಪಾಠ ಹೇಳುತ್ತಿದ್ದ ಶಾಲೆಯ ಶಿಕ್ಷಕಿಯರೆಲ್ಲ ಶನಿವಾರ, ಭಾನುವಾರ ಸೇರಿಸಿ ಒಂದು ದ್ವೀಪಕ್ಕೆ ಹೊರಟಾಗ ಒಂದು ಸೀಟು ಉಳಿದಿತ್ತು. ಈ ಕಾಲದ ಕಲಾವಿದರ ಕಲಾಕೃತಿಗಳಿಗೆ ಹೆಸರಾದ ದ್ವೀಪ. ಆಯಿಯನ್ನು ಕರೆದೆ.

"ಸುತ್ತ ಉಪ್ಪನೀರ ಅಂತಿ... ಅಲ್ಲಿ ಕುರಿ ಏನ್ ಕುಡೀತಾವ?" ಎಂದು ಕೇಳಿದರು. ಅದನ್ನು ನೋಡಲೆಂದೇ ಎಲೆ ಅಡಿಕೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು.

ಅಲ್ಲೊಂದು ಹಳೆಯ ಗೋದಾಮು. ಒಳಗೆ ಬರಿಯ ನೆಲದ ಮೇಲೆ ಒಂದು ಕರಿ ಕಂಬಳಿ ಹಾಸಿತ್ತು. ಮೇಲೊಂದು ದೀಪ, ಸುತ್ತ ಬಿಳಿ ಗೆರೆ, ಗೋಡೆಯಲ್ಲಿ ಕಲಾವಿದನ ಹೆಸರಿನ ಚೀಟಿ. ಆಯಿ ಚಪ್ಪಲಿ ಬಿಟ್ಟರು. ಗೆರೆ ದಾಟಿದರು. ಸೆರಗು ಸರಿಮಾಡಿಕೊಂಡು ಕಂಬಳಿಯ ಮೇಲೆ ಕೂತರು.

ಕಾವಲಿನವನು ಓಡಿಬಂದು ಹಿಂದಿಯಲ್ಲಿ ಏಳಿ ಎಂದ. ಆಯಿ ನಮ್ಮ ಕಡೆಯ ಹಿಂದಿಯಲ್ಲೇ ಕೇಳಿದರು: "ಫಿರ್ ಬಿಛಾಯೆ ಕಾಯಕೂ?" ಹಾಗಾದರೆ ಹಾಸಿದ್ದು ಯಾಕೆ? ಇದು ನೋಡುವುದಕ್ಕೆ ಮಾತ್ರ ಎಂದ ಅವನು. ಆಯಿ ನನ್ನತ್ತ ತಿರುಗಿದರು.

"ಕಂಬಳಿ ನೋಡಾಕ ಇಷ್ಟ್ ದೂರ ಬರ್ತಾರೇನ? ನಮ್ಮನಿಗಿ ಬಾ ಅಂತ ಹೇಳು ಅವಗ, ಮೂರ ಅವ."

ಜನ ಸೇರಿದರು. ಕೆಲವರು ಫೋನು ಎತ್ತಿ ಹಿಡಿದರು. ನಾನು ಐದಾರು ಹೆಜ್ಜೆ ದೂರದಲ್ಲಿದ್ದೆ. ನೆನಪಿನಲ್ಲಿ ಅದು ಇನ್ನೂ ದೂರ...

"ಆಯೀ, ಏಳ್ರಿ. ಎಲ್ಲಾರೂ ನಿಮ್ಮನ್ನ ನೋಡಾಕತ್ತಾರ."

"ನೋಡ್ಲಿ. ನೋಡಾಕೇ ಬಂದಾರ." ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು. "ಬಾ ಯವ್ವಾ, ಕುಂದ್ರು."

ನಾನು ಕೂರಲಿಲ್ಲ.

ಆಯಿ ಮತ್ತೆ ಕರೆಯಲಿಲ್ಲ. ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಅವಸರವಿಲ್ಲದೆ ಮಡಚಿ ಬಾಯಿಗಿಟ್ಟರು. ಅದು ಅರ್ಧ ಅಗಿದಾದ ಮೇಲೆ ತಾವಾಗಿ ಎದ್ದರು. ಕೂತಲ್ಲಿ ಬಿದ್ದಿದ್ದ ಸುಕ್ಕನ್ನು ಕೈಯಿಂದ ಸವರಿ ಸರಿಮಾಡಿದರು. ಕಾವಲಿನವನು ಅಷ್ಟು ಹೊತ್ತೂ ಕೈಕಟ್ಟಿ ನಿಂತಿದ್ದ.

ಮರಳುವ ದೋಣಿಯಲ್ಲಿ ತಪ್ಪಾಯಿತು ಎನ್ನಬೇಕೆಂದಿದ್ದೆ. ಅವರು ನೀರು ನೋಡುತ್ತ ಕೂತಿದ್ದರು. ಆಮೇಲೆ ಹೇಳಿದರಾಯಿತು ಎಂದುಕೊಂಡೆ... ಎರಡು ವರ್ಷಕ್ಕೆ ಆಯಿ ತೀರಿಕೊಂಡರು. ಮಣ್ಣು ಮಾಡಿದ ಮೂರನೆಯ ದಿನ ಅವರ ಮಗ ಈ ಕಂಬಳಿ ತಂದುಕೊಟ್ಟ. "ಅವ್ವ ನಿಮಗೇ ಕೊಡು ಅಂದಿದ್ಳ್ರಿ, ಕುಂದ್ರಾಕ." ನಾನು ಅದನ್ನು ಬೇವಿನೆಲೆ ಹಾಕಿ ಟ್ರಂಕಿನಲ್ಲಿಟ್ಟೆ. ಒಂದು ದಿನವೂ ಕೂರಲಿಲ್ಲ.

ಇವತ್ತು ಕುರ್ಚಿಗಳನ್ನು ಸರಿಸಿ ಪಡಸಾಲೆಯ ನಡುವೆ ಹಾಸಿದೆ. ಒಂದು ಮಗ್ಗುಲಿಗೆ ಕೂತೆ. ಇನ್ನೊಂದು ಮಗ್ಗುಲು ಖಾಲಿ ಇತ್ತು. ಅಲ್ಲಿ ಕೂರಬೇಕಾದವರು ಇನ್ನು ಬರುವುದಿಲ್ಲ.

ಸೊಸೆ ಬಾಗಿಲಲ್ಲಿ ನಿಂತಿದ್ದಳು. "ಪಡಸಾಲ್ಯಾಗ ಹಾಸೀರಿ, ಬಂದೋರೆಲ್ಲ ತುಳೀತಾರ್ರಿ ಅತ್ತಿ."

"ಚಪ್ಪಲಿ ಬಿಟ್ಟು ಬಂದು ಕುಂದ್ರಲಿ" ಎಂದೆ. ಏಳಲಿಲ್ಲ.