ಬೇಸಿಗೆಗೆ ಸೆಡ್ಡು ಹೊಡೆವ ಕಾರಂಜಿ ಅಕ್ಕ

ಕತ್ತಲು ಇನ್ನೂ ಪೂರ್ತಿ ಹರಿದಿಲ್ಲ. ಫುಟ್‌ಬಾಲ್ ಮೈದಾನದ ಮೂಲೆಯ ಗುಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂತ ಹೆಂಗಸೊಬ್ಬರು ಕಬ್ಬಿಣದ ವಾಲ್ವನ್ನು ಒಂದೊಂದೇ ಎಳೆಯಷ್ಟು ತಿರುಗಿಸುತ್ತಿದ್ದಾರೆ. "ಒಂದೇ ಸಲ ತಿರುಗಿಸಿದ್ರೆ ಪೈಪಿಗೆ ಗುದ್ದು ಬೀಳುತ್ತೆ. ಮಲಗಿದ್ದೋರನ್ನ ಯಾರಾದ್ರೂ ಒದ್ದು ಎಬ್ಬಿಸ್ತಾರಾ?" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನನ್ನೇ ಕೇಳುತ್ತಾರೆ. ಅಷ್ಟರಲ್ಲಿ ಹುಲ್ಲಿನೊಳಗಿಂದ ಸ್ಪ್ರಿಂಕ್ಲರ್‌ಗಳು ತಲೆಯೆತ್ತುತ್ತವೆ. ಚಿಕ್ ಚಿಕ್ ಚಿಕ್ ಎಂದು ನೀರು ಕಮಾನು ಕಟ್ಟುತ್ತದೆ. ಇಷ್ಟು ಹೊತ್ತಿಗೇ ಬೆಚ್ಚಗಿರುವ ಗಾಳಿಯಲ್ಲಿ ಒದ್ದೆ ಮಣ್ಣಿನ ವಾಸನೆ ಎದ್ದಾಗ ನನಗಂತೂ ಕುಣಿಯಬೇಕೆನಿಸುತ್ತದೆ.

ಮೈದಾನಕ್ಕೆ ಬರುವವರೆಲ್ಲ ಇವರನ್ನು ಕರೆಯುವುದು 'ಕಾರಂಜಿ ಅಕ್ಕ' ಎಂದು. ಆದರೆ ಅಕ್ಕನ ಮುಖದಲ್ಲಿ ಈಗ ನಗುವಿಲ್ಲ. ಕಣ್ಣು ಆಚೆ ತುದಿಯ ಗೋಲ್‌ಪೋಸ್ಟಿನ ಕಡೆ ನೆಟ್ಟಿದೆ. ಅಲ್ಲಿನ ಸ್ಪ್ರಿಂಕ್ಲರ್ ಸಾಲು ಏಳಲೊಲ್ಲದು. ಒಂದೆರಡು ಬಿಕ್ಕಳಿಸಿ, ಬಾಯಿಂದ ಜೊಲ್ಲು ಸುರಿಸಿದಂತೆ ನೀರು ಚೆಲ್ಲಿ ಸುಮ್ಮನಾಗುತ್ತವೆ.

"ಅಯ್ಯೋ, ಇವತ್ತೇ ಕೈ ಕೊಡ್ಬೇಕಿತ್ತಾ ಇದು!" ಅಕ್ಕ ವಾಲ್ವ್ ಮುಚ್ಚಿ ಗುದ್ದಲಿ ಎತ್ತಿಕೊಳ್ಳುತ್ತಾರೆ.

ಸಂಜೆ ಇಲ್ಲಿ ಹುಡುಗಿಯರ ಫೈನಲ್ ಪಂದ್ಯ. ಈ ಊರಿನ ತಂಡ ಫೈನಲ್ ಮುಟ್ಟಿರುವುದು ಇದೇ ಮೊದಲು. ಮಧ್ಯಾಹ್ನಕ್ಕೆ ಮೊದಲೇ ರೆಫರಿ ಬಂದು ನೆಲ ನೋಡುತ್ತಾರೆ. ಮೈದಾನ ಕಲ್ಲಿನಂತೆ ಒಣಗಿದ್ದರೆ ಆಟ ಎದುರಾಳಿಗಳ ಊರಿಗೆ ಹೋಗುತ್ತದೆ.

ಬೇಸಿಗೆ ಎಂದರೆ ಹುಲ್ಲು ಬಾಡುವುದು ಮಾತ್ರ ಎಂದುಕೊಂಡಿದ್ದವನು ನಾನು. ಪೈಪುಗಳಿಗೂ ಬಿಸಿಲು ಬಡಿಯುತ್ತದೆ ಎಂಬುದು ಇಲ್ಲಿಗೆ ಬಂದ ಮೇಲೇ ತಿಳಿದದ್ದು. ಹೊರಗೆ ಕಾಣುವ ಪೈಪು ಮೆತ್ತಗಾಗಿ ಸೊಟ್ಟಗಾಗುತ್ತದೆ, ರಬ್ಬರ್ ವಾಷರ್ ಸೆಟೆದು ಸೀಳುತ್ತದೆ. ನೀರಿನ ಉಪ್ಪು, ಸ್ಪ್ರಿಂಕ್ಲರ್‌ನಲ್ಲಿ ನೀರು ಚಿಮ್ಮುವ ನಾಜಲ್‌ನ ಬಾಯಿಗೆ ಬೆಳ್ಳಗೆ ಗಟ್ಟಿಕಟ್ಟುತ್ತದೆ. ಅಕ್ಕ ಅವುಗಳನ್ನು ಬಿಚ್ಚಿ ವಿನಿಗರ್‌ನಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾರೆ, ಬಯಲಲ್ಲಿರುವ ಪೈಪಿಗೆ ಮಣ್ಣು, ಒಣಹುಲ್ಲು ಹೊದಿಸುತ್ತಾರೆ. ಅಕ್ಕ ಇಲ್ಲದ ಹೊತ್ತಿನಲ್ಲಿ ತಾನೇ ನೀರು ಬಿಡುವ ಟೈಮರ್ ಪೆಟ್ಟಿಗೆಯ ಮೇಲೆ ತಗಡಿನ ಮರೆ ಕಟ್ಟಿದ್ದಾರೆ. "ಬಿಸಿಲಲ್ಲಿ ಅದಕ್ಕೆ ಅರಳುಮರಳು. ನಡುಮಧ್ಯಾಹ್ನ ತಾನೇ ಶುರು ಮಾಡ್ಕೊಂಡುಬಿಡುತ್ತೆ. ಕಾದ ಪೈಪಿನ ನೀರು ಬಿದ್ರೆ ಹುಲ್ಲು ಬೆಂದೇ ಹೋಗುತ್ತೆ."

ಮೊದಲು ಇವರು ಇಲ್ಲಿ ಗ್ಯಾಲರಿ ಗುಡಿಸುತ್ತಿದ್ದವರು. ಪ್ಲಂಬರ್ ಕೆಲಸ ಬಿಟ್ಟು ಹೋದ ಬೇಸಿಗೆಯಲ್ಲಿ ಹೊಸಬರು ಸಿಗಲಿಲ್ಲ. ಕಣ್ಣೆದುರೇ ಹುಲ್ಲು ಹಳದಿಯಾಗುತ್ತಿದ್ದಾಗ ಪೊರಕೆ ಕೆಳಗಿಟ್ಟು ಸ್ಪ್ಯಾನರ್ ಹಿಡಿದರು. ಮೊದಲ ದಿನ ಬಿಚ್ಚಿದ್ದನ್ನು ಮತ್ತೆ ಜೋಡಿಸಲಾಗದೆ ಅತ್ತರಂತೆ. ಮಾರನೇ ವರ್ಷ ನೆತ್ತಿ ಸುಡುವ ಬಿಸಿಲಿಗೆ ವಾಲ್ವ್ ಗುಂಡಿಯಲ್ಲೇ ತಲೆ ಸುತ್ತಿ ಬಿದ್ದರು. ಅಂದಿನಿಂದ ಬಿಸಿಲೇರಿದರೆ ಅವರ ಅತ್ತೆ ಕೊಡೆ ಹಿಡಿದು ಕಾವಲು.

ಮನೆ ದೂರವಿಲ್ಲ. ಗ್ಯಾಲರಿಯ ಮೆಟ್ಟಿಲುಗಳೇ ಆ ಎರಡು ಕೋಣೆಗಳ ಸೂರು. ಒಳಗೆ ಗೋಡೆಯ ಕಡೆ ಹೋದಂತೆ ತಲೆ ತಗ್ಗಿಸಬೇಕು. ಪಂದ್ಯವಿದ್ದ ದಿನ ಜನ ಕುಣಿದರೆ ತಟ್ಟೆಗಳೂ ಕುಣಿಯುತ್ತವೆ. ಅತ್ತೆ ಈಗ ಅಲ್ಲಿಂದಲೇ ಕರಿಕೊಡೆ ಹಿಡಿದು ಬರುತ್ತಿದ್ದಾರೆ. ಸೊಸೆಯ ಅವತಾರ ನೋಡಿ, "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇವಳಿಗೆ ಮೂಗಿನ ತನಕ ಕೆಸರು!" ಎನ್ನುತ್ತಾರೆ.

ಗೋಲ್‌ಪೋಸ್ಟಿನ ಪಕ್ಕ ನೆಲ ಒದ್ದೆಯಾಗಿದೆ. ಅಕ್ಕ ಅಲ್ಲೇ ಅಗೆಯುತ್ತಾರೆ. ಪೈಪು ಕಾಣುತ್ತದೆ, ಆದರೆ ಎಲ್ಲೂ ಒಡೆದಿಲ್ಲ. ನೀರು ಬೇರೆಲ್ಲೋ ಸೋರಿ ಪೈಪಿನ ಗುಂಟ ಇಲ್ಲಿಗೆ ಹರಿದು ಬಂದಿದೆ. ಎಲ್ಲಿಂದ? ಮೈದಾನವನ್ನೆಲ್ಲ ಅಗೆದರೆ ಆಡುವುದೆಲ್ಲಿ?

ತಂಡದ ಕೋಚ್ ಮೇಡಂ ಬಂದು ಗುಂಡಿಯ ಅಂಚಿನಲ್ಲಿ ನಿಲ್ಲುತ್ತಾರೆ. "ಅಕ್ಕಾ, ಆಗುತ್ತಾ? ಇಲ್ಲಾಂದ್ರೆ ಈಗ್ಲೇ ಹೇಳಿ, ಬಸ್ಸಿಗೆ ವ್ಯವಸ್ಥೆ ಮಾಡ್ಕೋಬೇಕು."

"ಬಸ್ಸು ಗಿಸ್ಸು ಬೇಡ ಮೇಡಂ," ಎನ್ನುವ ಅಕ್ಕನ ಧ್ವನಿ ಗಟ್ಟಿಯಾಗಿದೆ.

ಆ ಹೊತ್ತಿಗೆ ಸರಿಯಾಗಿ ಬೇಕರಿಯ ರಾತ್ರಿಪಾಳಿ ಮುಗಿಸಿದ ಅವರ ಗಂಡ ಗೇಟಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಹುಬ್ಬಿನ ಮೇಲೆಲ್ಲ ಮೈದಾಹಿಟ್ಟು. ವಿಷಯ ಕೇಳಿ ಒಂದು ಕ್ಷಣ ತಲೆ ಕೆರೆದುಕೊಳ್ಳುತ್ತಾರೆ.

"ಕೇಕ್ ಬೆಂದಿದೆಯಾ ಅಂತ ಹೇಗೆ ನೋಡ್ತೀವಿ ಹೇಳು? ಕಡ್ಡಿ ಚುಚ್ಚಿ ತಾನೆ?"

"ರೀ, ತಮಾಷೆಗೆ ಇದಾ ಹೊತ್ತು?"

ಅವರು ತಮಾಷೆ ಮಾಡುತ್ತಿಲ್ಲ. ತೆಳ್ಳನೆಯ ಕಬ್ಬಿಣದ ಸರಳು ತಂದು ಪೈಪಿನ ದಾರಿಯ ಪಕ್ಕದಲ್ಲೇ, ಅದಕ್ಕೆ ತಾಗದಂತೆ ಚುಚ್ಚುತ್ತ ಏರಿನ ಕಡೆ ನಡೆಯುತ್ತಾರೆ. ಚುಚ್ಚುವುದು, ಎಳೆಯುವುದು, ತುದಿ ಮುಟ್ಟಿ ನೋಡುವುದು. ತುದಿಗೆ ಅಂಟಿದ ಮಣ್ಣು ಒಂದಷ್ಟು ದೂರ ಒದ್ದೆ, ಮುಂದೆ ಇನ್ನೂ ಒದ್ದೆ. ನಾವೆಲ್ಲ ಹಿಂದೆ ಹಿಂದೆ ಹೋಗುತ್ತೇವೆ. ಮೈದಾನದ ನಡುಗೆರೆ ದಾಟಿದ್ದೇ ತಡ, ಸರಳು ಬೆಣ್ಣೆಯೊಳಗೆ ಇಳಿದಂತೆ ಸರಕ್ಕನೆ ಇಳಿಯುತ್ತದೆ. ಮೇಲೆ ಬಂದಾಗ ತುದಿಯಿಂದ ಕೆಸರು ತೊಟ್ಟಿಕ್ಕುತ್ತಿದೆ.

"ಇಲ್ಲಿ ಬೆಂದಿಲ್ಲ ಕಣೇ!"

ಅಕ್ಕ ಓಡುತ್ತಾರೆ. ಅಗೆದರೆ ಅಲ್ಲೇ ಸಿಕ್ಕಿತು ಕಳ್ಳ! ಬಿಸಿಲಿಗೆ ನೆಲ ಬಿರಿದು ಜಗ್ಗಿದ ರಭಸಕ್ಕೆ ಪೈಪಿನ ಜಾಯಿಂಟ್ ಕಳಚಿಕೊಂಡಿದೆ. ಕೆಟ್ಟ ತುಂಡನ್ನು ಕತ್ತರಿಸಿ, ತಮ್ಮ ತಲೆವಸ್ತ್ರದಿಂದಲೇ ಒರೆಸಿ, ಹೊಸ ತುಂಡಿಗೆ ಗಮ್ ಹಚ್ಚುತ್ತಾರೆ. ಆಗಲೇ ಬಿಸಿಲೇರಿದೆ. ಈ ಝಳಕ್ಕೆ ಜೋಡಿಸುವ ಮುಂಚೆಯೇ ಗಮ್ ಒಣಗಿಬಿಡುತ್ತದೆ.

"ಅತ್ತೇ, ಕೊಡೆ! ನಂಗಲ್ಲ, ಪೈಪಿಗೆ!"

"ಹಿಡಿದಿದೀನಲ್ಲೇ, ಬೇಗ ತಿರುಚು!"

ಜಾಯಿಂಟ್ ಕೂರುತ್ತದೆ. ಅತ್ತೆಯ ಕೈ ಸೋತರೂ ಕೊಡೆ ಅಲುಗುವುದಿಲ್ಲ. ಗಮ್ ಹಿಡಿಯುವವರೆಗೆ ಅಕ್ಕ ಜಾಯಿಂಟನ್ನು ಅದುಮಿ ಹಿಡಿಯುತ್ತಾರೆ. ಆಮೇಲೆ ಅಕ್ಕ ಮತ್ತೆ ಮೂಲೆಯ ಗುಂಡಿಗೆ ಇಳಿದು ವಾಲ್ವ್ ಮೇಲೆ ಕೈಯಿಡುತ್ತಾರೆ. ಆಚೆ ತುದಿಯ ಸ್ಪ್ರಿಂಕ್ಲರ್ ಒಂದು ಅಲುಗುತ್ತದೆ. ಕೆಮ್ಮುತ್ತದೆ. ಬಾಯ್ತುಂಬ ಕೆಸರು ಉಗಿಯುತ್ತದೆ. ಮರುಕ್ಷಣ ಇಡೀ ಸಾಲು ಎದ್ದು ನಿಂತು ಮೈದಾನದ ಮೇಲೆ ನೀರು ತೂರುತ್ತದೆ! ಕೋಚ್ ಮೇಡಂ ಕೇಕೆ ಹಾಕುತ್ತಾರೆ. ಬೇಕರಿಯವರ ಹುಬ್ಬಿನ ಹಿಟ್ಟು ಕರಗಿ ಕೆನ್ನೆಗಿಳಿಯುತ್ತದೆ. ನನ್ನ ಅಂಗಿಯೂ ತೊಯ್ದು ತೊಪ್ಪೆ.

ತೋಡಿದ ಗುಂಡಿಗಳನ್ನು ತುಂಬಿ, ಕಿತ್ತ ಹುಲ್ಲಿನ ಹೆಂಟೆಗಳನ್ನು ಮತ್ತೆ ಕೂರಿಸಿ, ತುಳಿದು ಸಮ ಮಾಡಿದ್ದಾಗುತ್ತದೆ. ರೆಫರಿ ಬಂದು ನೆಲಕ್ಕೆ ಹಿಮ್ಮಡಿ ಒತ್ತಿ ನೋಡಿ ತಲೆಯಾಡಿಸುತ್ತಾರೆ. ಆಟ ಇಲ್ಲೇ.

ಸಂಜೆ ಗ್ಯಾಲರಿಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅಕ್ಕ ಗೆರೆಯಾಚೆ, ವಾಲ್ವ್ ಗುಂಡಿಯ ಹತ್ತಿರ ನಿಂತಿದ್ದಾರೆ. ಚೆಂಡಿನ ಕಡೆ ಅವರ ಗಮನವಿಲ್ಲ. ಮುಂದೆ ಯಾವ ಆಸೆಯಿದೆ ಎಂದು ಕೇಳುತ್ತೇನೆ. "ಮುಂದಿನ ಬೇಸಿಗೆಯೊಳಗೆ ಆ ಸಾಲಿನ ಹಳೇ ಜಾಯಿಂಟ್ ಎಲ್ಲ ಬದಲಾಯಿಸ್ಬೇಕು. ಇನ್ನೇನಿದೆ?"

ಅಷ್ಟರಲ್ಲಿ ಈ ಊರಿನ ಗೋಲ್‌ಕೀಪರ್ ಹುಡುಗಿ ಚಿರತೆಯಂತೆ ಹಾರಿ, ಗೋಲಿನೊಳಗೆ ನುಗ್ಗುತ್ತಿದ್ದ ಚೆಂಡನ್ನು ಅಪ್ಪಿಕೊಂಡು ಉದ್ದಕ್ಕೆ ಜಾರುತ್ತಾಳೆ. ಗ್ಯಾಲರಿ ಸಿಡಿದೇಳುತ್ತದೆ. ನಾನೂ ಕೂಗುತ್ತಿದ್ದೇನೆ. ಅಕ್ಕ ನನ್ನ ತೋಳು ಹಿಡಿದು ಜಗ್ಗುತ್ತಾರೆ, ಕಣ್ಣು ಫಳಫಳ ಹೊಳೆಯುತ್ತಿದೆ.

"ಚೆಂಡು ಬಿಡಿ ಸಾರ್, ಆ ಮಗು ಮೊಣಕಾಲು ನೋಡಿ! ಒಣನೆಲ ಆಗಿದ್ರೆ ತರಚಿ ರಕ್ತ ಬರ್ತಿತ್ತು. ಈಗ ಹುಲ್ಲಿನ ಹಸಿರು ಬಿಟ್ರೆ ಬೇರೆ ಬಣ್ಣ ಇಲ್ಲ!"