ವೈನಿಯ ಮುಂಗೈ ಹಚ್ಚೆ

ಬನಹಟ್ಟಿಯ ನಮ್ಮ ನೇಕಾರರ ಮನೆಗೆ ಸೊಸೆಯಾಗಿ ಬಂದ ವೈನಿ, ಅಂದರೆ ನಮ್ಮಣ್ಣನ ಹೆಂಡತಿ, ರಾಟಿ ತಿರುವುತ್ತಲೇ ಎಲ್ಲದಕ್ಕೂ "ಯಾಕ್ರಿ?" ಎನ್ನುತ್ತಿದ್ದಳು. ಹಚ್ಚೆಯಿಲ್ಲದ ಸೊಸೆಯ ಕೈಯಿಂದ ನೀರು ಕುಡಿಯುವುದಿಲ್ಲವೆಂದು ಅವ್ವ ಹಟ ಹಿಡಿದಾಗಲೂ ಹಾಗೇ ಕೇಳಿದಳು.

"ಯಾಕ್ರಿ ಅತ್ತಿ? ನನ್ನ ಕೈಯಾಗಿನ ರೊಟ್ಟಿ ನಡೀತೈತಿ, ನೀರಷ್ಟ ನಡಿಯಂಗಿಲ್ಲೇನ್ರಿ?"

ಅಣ್ಣ ನಕ್ಕುಬಿಟ್ಟ. ಅವ್ವ ನಗಲಿಲ್ಲ. ಮರುದಿನವೇ ಹಚ್ಚೆ ಚುಚ್ಚುವವಳನ್ನು ಕರೆಸಿದಳು. ವೈನಿ ಕೈ ಕೊಡಲಿಲ್ಲ.

"ಹಿಡಕೋ ಲೇ," ಎಂದು ಅವ್ವ ನನಗೆ ಹೇಳಿದಳು. ಮ್ಯಾಟ್ರಿಕ್ ಓದುತ್ತಿದ್ದ ನಾನು ಎರಡೂ ಕೈಯಿಂದ ಆಕೆಯ ಮೊಣಕೈ ಒತ್ತಿ ಹಿಡಿದೆ. ಮುಂಗೈ ತುಂಬ ಸೂಜಿ ಆಡಿತು. ವೈನಿ ಅಳಲಿಲ್ಲ. ಸೂಜಿಯನ್ನೂ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಬ್ಯಾಡವೆಂದವಳನ್ನು ಹೀಗೆ ಅದುಮಿ ಹಿಡಿದು ಚುಚ್ಚಿ, ಅದಕ್ಕೆ ಸಂಪ್ರದಾಯವೆಂದು ಹೆಸರಿಟ್ಟವರು ನಾವು! ಥೂ.

ಆಮೇಲೆ ನನಗೆ ಜಮಖಂಡಿಯಲ್ಲಿ ಗುಮಾಸ್ತನ ನೌಕರಿ ಸಿಕ್ಕಿತು, ಓದಿದವರ ಮನೆಯ ಹೆಣ್ಣು ಗೊತ್ತಾಯಿತು. ಮದುವೆಯ ದಿನ ಫೋಟೋಗೆ ನಿಲ್ಲುವಾಗ ವೈನಿಯ ಕಿವಿಯಲ್ಲಿ ಹೇಳಿದೆ: "ಕೈ ಸೆರಗಿನಾಗ ಮುಚ್ಕೋರಿ ವೈನಿ. ಹಚ್ಚಿ ನೋಡಿದ್ರ ಬೀಗರು ನಮ್ಮನ್ನ ಹಳ್ಳಿಗಮಾರರು ಅಂತಾರ."

"ಯಾಕ ತಮ್ಮಾ?" ಎಂದಳು, ಎಲ್ಲರಿಗೂ ಕೇಳುವಂತೆ. "ಚುಚ್ಚುವಾಗ ನೀನ ಹಿಡದಿದ್ದಿ ಅಲ್ಲಾ. ಈಗ ನೀನ ಮುಚ್ಚು."

ನಾನು ಮುಚ್ಚಲಿಲ್ಲ.

ಆ ಫೋಟೋ ಇನ್ನೂ ನಮ್ಮ ಗೋಡೆಯ ಮೇಲಿದೆ. ವೈನಿ ಹಚ್ಚೆಯ ಕೈಯನ್ನು ಎದೆಯ ಮೇಲಿಟ್ಟುಕೊಂಡು ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದಾಳೆ. ಪಕ್ಕದಲ್ಲಿ ಬಾಸಿಂಗ ಕಟ್ಟಿದ ನಾನು ತಲೆ ತಗ್ಗಿಸಿದ್ದೇನೆ. ಮದುಮಗನಿಗೆ ಎಷ್ಟು ಸಂಕೋಚವೆಂದು ಮೊಮ್ಮಕ್ಕಳು ನಗುತ್ತಾರೆ. ನಾನು ಈವರೆಗೆ ಅವರನ್ನು ತಿದ್ದಿಲ್ಲ.